ಮೂಲೆಗೊಂದು ಹೂವು, ನಡುವೆ ಒಂದು ನೋಟೀಸು

ವೆಬ್ ಪೇಜ್ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, "ನಿಮ್ಮ ಕಾಲದಲ್ಲಿ ಹೇಗಿತ್ತು ಮೇಡಂ, ಬರೆದುಕೊಡಿ" ಎನ್ನುತ್ತಾರೆ. ಇಂಥ ಬರಹದಲ್ಲಿ ಮೊದಲು ಬಡ್ತಿಯ ವಿಷಯ ಬರಬೇಕಂತೆ. ನನ್ನದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. ಚಿತ್ರದುರ್ಗದ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಕಿಟಕಿ ಇಲ್ಲದ ಕೋಣೆಯಲ್ಲಿ ಕೆಲಸಕ್ಕೆ ಸೇರಿದೆ, ಅದೇ ಪ್ರೆಸ್ಸಿನ ಕಿಟಕಿ ಇರುವ ಕೋಣೆಯಿಂದ ನಿವೃತ್ತಳಾದೆ. ನಡುವೆ ಮಾಡಿದ ತಪ್ಪುಗಳು ಮಾತ್ರ ಒಂದು ಸಾಲಿಗೆ ಹಿಡಿಸುವುದಿಲ್ಲ, ಅದಕ್ಕೇ ಅವನ್ನು ಬರೆಯುತ್ತಿದ್ದೇನೆ. ನೀವು ತಪ್ಪು ಮಾಡುವುದಾದರೆ ಹೊಸದನ್ನು ಮಾಡಿ, ನನ್ನವನ್ನೇ ಮತ್ತೆ ಮಾಡಬೇಡಿ.

ನಾನು ಸೇರಿದ್ದು ತೊಂಬತ್ತರ ದಶಕದ ಮೊದಲಲ್ಲಿ. ಅಚ್ಚಿನ ಮೊಳೆ ಜೋಡಿಸುವ ಕಾಲ ಮುಗಿದು, ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುವ ಡಿ.ಟಿ.ಪಿ. ಕಾಲ ಶುರುವಾಗಿತ್ತು. ನಮ್ಮ ಮಾಲೀಕರು ಓಂಕಾರಪ್ಪನವರು. ಹಣೆ ತುಂಬ ವಿಭೂತಿ, ಜೇಬು ತುಂಬ ಪೆನ್ನು, ಬಾಯಿ ತುಂಬ ಮಾತು. ಖಾಲಿ ಜಾಗ ಕಂಡರೆ ಮಾತ್ರ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

"ಇದೇನ್ ಶಾರದಮ್ಮ, ಇಲ್ಲಿ ಬೋಳು ಬೋಳಾಗೈತೆ? ಒಂದು ಹೂವು ಇಡು. ಪೂರ್ತಿ ಕಾಗದ ಕೊಟ್ಟು ಅರ್ಧ ಖಾಲಿ ಬಿಟ್ರೆ ಗಿರಾಕಿ ಸುಮ್ನಿರ್ತಾನಾ?"

ಹಾಗಾಗಿ ನಮ್ಮ ಪ್ರೆಸ್ಸಿನ ಮದುವೆ ಕಾರ್ಡಿಗೆ ನಾಲ್ಕು ಮೂಲೆಗೆ ನಾಲ್ಕು ಹೂವು, ಮೇಲೆ ಮಾವಿನ ತೋರಣ, ಅತ್ತ ಇತ್ತ ಬಾಳೆ ಕಂಬ. ಇಷ್ಟಾದ ಮೇಲೆ ಜಾಗ ಉಳಿದರೆ ಗಂಡು ಹೆಣ್ಣಿನ ಹೆಸರು. ಎಷ್ಟೋ ಸಲ ಹುಡುಗಿಯ ತಂದೆಯ ಹೆಸರನ್ನು ಸಣ್ಣ ಅಕ್ಷರದಲ್ಲಿ ತುರುಕಿ ಬಳ್ಳಿಗೆ ದಾರಿ ಮಾಡಿಕೊಟ್ಟಿದ್ದೇನೆ, ಪಾಪ.

ನಮ್ಮ ಕಸುಬಿಗೆ ಇನ್ನೊಂದು ಚಾಳಿ ಇತ್ತು. ಯಾವ ಕಾರ್ಡನ್ನೂ ಹೊಸದಾಗಿ ಶುರು ಮಾಡುತ್ತಿರಲಿಲ್ಲ. ನಿನ್ನೆಯ ಫೈಲನ್ನು ನಕಲು ಮಾಡಿ, ಹೆಸರು, ಊರು, ಮುಹೂರ್ತ ಬದಲಿಸಿದರೆ ಇವತ್ತಿನ ಕಾರ್ಡು ಸಿದ್ಧ. ಒಮ್ಮೆ ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಿಂದ ಹಿರಿಯರೊಬ್ಬರು ತೀರಿಕೊಂಡ ತಂದೆಯ ಶಿವಗಣಾರಾಧನೆಯ ಕಾರ್ಡು ಮಾಡಿಸಲು ಬಂದರು. ನಾನು ಹಿಂದಿನ ದಿನದ ಮದುವೆ ಕಾರ್ಡನ್ನು ನಕಲು ಮಾಡಿ ಅಕ್ಷರ ಬದಲಿಸಿದೆ. ಮೂರು ಜನ ಮೂರು ಸಲ ಪ್ರೂಫ್ ನೋಡಿದೆವು. ಒಂದು ಕೊಂಬೂ, ಒಂದು ದೀರ್ಘವೂ ತಪ್ಪಿರಲಿಲ್ಲ. ಮೂಲೆ ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ.

ಎರಡು ದಿನ ಬಿಟ್ಟು ಆ ಹಿರಿಯರು ಕಾರ್ಡಿನ ಕಟ್ಟು ಹೊತ್ತುಕೊಂಡು ವಾಪಸು ಬಂದರು. ನನ್ನ ಮೇಜಿನ ಮೇಲಿಟ್ಟು, ಬಹಳ ಮೆಲ್ಲಗೆ ಕೇಳಿದರು.

"ಏನವ್ವ, ನಮ್ಮಪ್ಪ ಹೋಗಿ ಹತ್ತು ದಿನ ಆಗಿಲ್ಲ. ನೀನು ಅವನ್ನ ಪಲ್ಲಕ್ಕಿ ಮ್ಯಾಲೆ ಕೂರ್ಸಿ ಓಲಗ ಊದಿಸ್ತಿದೀಯ. ಹೆಣ್ಣು ಯಾವೂರು, ಅದನ್ನಾದ್ರೂ ಹೇಳು."

ಕೆಳಗಿನ ಮೂಲೆಯಲ್ಲಿ ಪಲ್ಲಕ್ಕಿ, ಓಲಗದವರು, ಬಾಸಿಂಗ ಎಲ್ಲ ಹಾಗೇ ಕೂತಿದ್ದವು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಓಂಕಾರಪ್ಪನವರು ಗೋಡೆ ಕಡೆ ತಿರುಗಿ ನಿಂತರು. ಬೇಜಾರಿನಲ್ಲಿ ನಿಂತಿದ್ದಾರೆ ಎಂದುಕೊಂಡೆ, ಆದರೆ ಅವರ ಭುಜ ಕುಣಿಯುತ್ತಿದ್ದವು. ಕಾರ್ಡುಗಳನ್ನು ಮತ್ತೆ ಮಾಡಿಕೊಟ್ಟೆವು. ಇನ್ನು ಮೇಲೆ ಹೂವನ್ನು ನೋಡಿ ಆರಿಸಬೇಕು ಎಂದು ಅವತ್ತು ಪಾಠ ಕಲಿತೆ. ಹೂವು ಬೇಕೇ ಎಂದು ಕೇಳಬೇಕಿತ್ತು, ಅಷ್ಟು ಬುದ್ಧಿ ಆಗ ಎಲ್ಲಿಂದ ಬರಬೇಕು!

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ದಿನ ಓಂಕಾರಪ್ಪನವರು ಬೆಂಗಳೂರಿಗೆ ಹೋಗಿ ಬಂದವರೇ, "ಶಾರದಮ್ಮ, ಇನ್ ಮ್ಯಾಲೆ ನಾವೂ ವೆಬ್ ಪೇಜ್ ಮಾಡಾಣ" ಎಂದರು. ಅದೂ ಕಾರ್ಡೇ, ಕಾಗದ ಮಾತ್ರ ಇರಲ್ಲ ಅಂತ ಅವರ ವಿವರಣೆ. ನಾನು ಮೂರು ತಿಂಗಳು ಒಂದು ದಪ್ಪ ಪುಸ್ತಕ ಇಟ್ಟುಕೊಂಡು ಕಲಿತೆ. ನಮಗೆ ಸಿಕ್ಕಿದ ಮೊದಲ ಗಿರಾಕಿ ಹೊಳಲ್ಕೆರೆಯ ಒಂದು ಕಾಲೇಜು. ಅದರ ಕಾರ್ಯದರ್ಶಿ ರುದ್ರಪ್ಪನವರಿಗೂ ಓಂಕಾರಪ್ಪನವರಿಗೂ ರುಚಿಯಲ್ಲಿ ಒಂದು ಕೂದಲಿನ ವ್ಯತ್ಯಾಸವೂ ಇರಲಿಲ್ಲ. ಪುಟದ ನಾಲ್ಕು ಮೂಲೆಗೆ ಹೂವು, ಒಂದೊಂದು ಸಾಲಿನ ಮುಂದೆ ಪುಟ್ಟ ಕಮಲ, ಎರಡು ಸಾಲಿನ ನಡುವೆ ಮಲ್ಲಿಗೆ ಮಾಲೆ, ಮೇಲೆ ಮಿಣಮಿಣ ಉರಿಯುವ ಎರಡು ದೀಪ. ಫೋನ್ ಲೈನಿನ ಇಂಟರ್‌ನೆಟ್ಟಿನಲ್ಲಿ ದೊಡ್ಡ ಚಿತ್ರ ಬರುವುದಿಲ್ಲವೆಂದು ಪ್ರತಿ ಬಳ್ಳಿಯನ್ನೂ ನಾಲ್ಕೈದು ತುಂಡು ಮಾಡಿ ಜೋಡಿಸಿದ್ದೆ. ಕನ್ನಡ ಅಕ್ಷರ ಬೇರೆಯವರ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಕಾಣುತ್ತಿದ್ದರಿಂದ ಕನ್ನಡದ ಶೀರ್ಷಿಕೆಗಳನ್ನೂ ಚಿತ್ರ ಮಾಡಿಯೇ ಹಾಕಿದ್ದೆ. ಉಳಿದದ್ದು ಇಂಗ್ಲಿಷ್.

"ಎಷ್ಟು ಲಕ್ಷಣವಾಗೈತೆ ನೋಡ್ರಿ, ಮದುವೆ ಮನೆ ಇದ್ದಂಗೈತೆ" ಎಂದರು ರುದ್ರಪ್ಪನವರು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಆಗ ಬಂದವರು ರಂಗಸ್ವಾಮಿ. ಹೊಸದುರ್ಗದ ಬಾಗೂರಿನವರು, ಹಿರಿಯೂರಿನಲ್ಲಿ ಅಕ್ಕನ ಮನೆಯಲ್ಲಿದ್ದರು. ಇಪ್ಪತ್ತೈದು ಇಪ್ಪತ್ತಾರರ ವಯಸ್ಸು. ಚಿಕ್ಕಂದಿನಲ್ಲೇ ಎರಡೂ ಕಣ್ಣು ಹೋಗಿದ್ದವು. ಬಿ.ಎ. ಮುಗಿಸಿ, ಬೆಂಗಳೂರಿನಲ್ಲಿ ಟೆಲಿಫೋನ್ ಆಪರೇಟರ್ ತರಬೇತಿ ಮಾಡಿಕೊಂಡು ಬಂದಿದ್ದರು. ಕೋಲು ತಟ್ಟುತ್ತಾ ಪ್ರೆಸ್ಸಿನ ಮೆಟ್ಟಿಲು ಹತ್ತಿ ಬಂದು, "ಹೊಳಲ್ಕೆರೆ ಕಾಲೇಜಿನ ಪೇಜು ಮಾಡಿದೋರು ಯಾರ್ರಿ ಇಲ್ಲಿ?" ಎಂದರು.

"ನಾನೇ. ಬರ್ರಿ, ಕುಂತ್ಕಳ್ರಿ" ಎಂದೆ. ಹೊಗಳುವುದಕ್ಕೇ ಬಂದಿದ್ದಾರೆಂದು ಸೆರಗು ಬೇರೆ ಸರಿಮಾಡಿಕೊಂಡೆ. ಕಣ್ಣಿಲ್ಲದವರ ಮುಂದೆ ಸೆರಗು ಸರಿಮಾಡಿಕೊಂಡ ಜಾಣೆ ನಾನು.

ಅವರು ಚೀಲದಿಂದ ಒಂದು ಟೇಪ್ ರೆಕಾರ್ಡರ್ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಪೇಜು ನಂಗೆ ಹೆಂಗೆ ಕೇಳ್ತೈತೆ ಅಂತ ತುಂಬ್ಕಂಡು ಬಂದೀನಿ, ಕೇಳ್ರಿ" ಎಂದು ಗುಂಡಿ ಒತ್ತಿದರು.

ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬುದಿದೆ ಎಂದು ನನಗೆ ಗೊತ್ತಾಗಿದ್ದೇ ಅವತ್ತು. ಚಿತ್ರ ಬಂದಾಗ ಅದರ ಬದಲಿಗೆ ಏನು ಓದಬೇಕೆಂದು ನಾವು ಬರೆದಿಡದಿದ್ದರೆ, ಅದು ಚಿತ್ರದ ಫೈಲಿನ ಹೆಸರನ್ನೇ ಓದುತ್ತದೆ. ಟೇಪಿನಲ್ಲಿ ಒಬ್ಬ ಇಂಗ್ಲಿಷ್ ದೊರೆ ಮೂಗಿನಲ್ಲಿ ಶುರು ಮಾಡಿದ: "ಗ್ರಾಫಿಕ್, ಹೂ ಎಡಾ ಒನ್. ಗ್ರಾಫಿಕ್, ಹೂ ಎಡಾ ಟೂ. ಗ್ರಾಫಿಕ್, ಹೂ ಎಡಾ ಟೂ ಫೈನಲ್. ಗ್ರಾಫಿಕ್, ಹೂ ಎಡಾ ಟೂ ಫೈನಲ್ ನ್ಯೂ." ನಾನು ತುಂಡು ಮಾಡಿದ ಒಂದೊಂದು ಎಲೆಗೂ ಅವನು ಹಾಜರಿ ಕೂಗಿದ. ಓಂಕಾರಪ್ಪನವರೂ ಕುರ್ಚಿ ಎಳೆದುಕೊಂಡು ಬಂದು ಕೂತರು. ಅಷ್ಟರಲ್ಲಿ ಅವನು, "ಗ್ರಾಫಿಕ್, ಧಣಿ ಹಟದ ಹೂವು" ಎಂದ.

ಕೊನೆಯ ಗಳಿಗೆಯಲ್ಲಿ ಓಂಕಾರಪ್ಪನವರು ಹಟ ಮಾಡಿ ಸೇರಿಸಿದ ಸೂರ್ಯಕಾಂತಿ ಅದು. ಸಿಟ್ಟಿನಲ್ಲಿ ಫೈಲಿಗೆ ಇಂಗ್ಲಿಷ್ ಅಕ್ಷರದಲ್ಲಿ ಆ ಹೆಸರು ಇಟ್ಟಿದ್ದೆ. ಯಾರು ನೋಡುತ್ತಾರೆ ಎಂದುಕೊಂಡಿದ್ದೆ.

"ಏನಂತಮ್ಮ ಅದು?" ಎಂದರು ಓಂಕಾರಪ್ಪನವರು.

"ಏನೂ ಇಲ್ಲ ಸಾರ್, ಇಂಗ್ಲಿಷು."

ರಂಗಸ್ವಾಮಿ ತುಟಿ ಕಚ್ಚಿ ನಗು ತಡೆದುಕೊಂಡರು. ಆಮೇಲೆ ಹೇಳಿದರು. "ಅಕ್ಕ, ನಿಮ್ಮ ತೋಟ ಚೆನ್ನಾಗೈತೆ. ಆದ್ರೆ ನನ್ನ ಸಾಫ್ಟ್‌ವೇರು ದುಡ್ಡು ಕೊಟ್ಟು ತಂದಿದ್ದಲ್ಲ, ಬರೀ ಸ್ಯಾಂಪಲ್ಲು. ನಲವತ್ತು ನಿಮಿಷ ಮಾತಾಡಿ ಬಾಯಿ ಮುಚ್ಕಂತೈತೆ. ಮತ್ತೆ ಕಂಪ್ಯೂಟರ್ ಆರ್ಸಿ ಹಚ್ಬೇಕು, ಫೋನ್ ಲೈನ್ ಹಿಡೀಬೇಕು, ಮೊದಲ್ನಿಂದ ಓದಿಸ್ಬೇಕು. ನಿಮ್ಮ ಹೂವಿನಾಗೇ ನಲವತ್ತು ನಿಮಿಷ ಮುಗೀತೈತೆ. ಕೆಳಗೆ ಏನೈತೆ ಅಂತ ನಾನು ಇವತ್ತಿನವರೆಗೂ ಕೇಳಿಲ್ಲ."

ಆ ಕಾಲೇಜಿನಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಅರ್ಜಿ ಕರೆಯುತ್ತಾರೆ, ನೋಟೀಸು ವೆಬ್ ಪೇಜಿನಲ್ಲಿ ಬರುತ್ತದೆ ಎಂದು ಅವರಿಗೆ ಸುದ್ದಿ ಸಿಕ್ಕಿತ್ತು. "ಅದಕ್ಕೇನಂತೆ, ನೋಟೀಸು ಬಂದ ದಿನ ನಾನೇ ಫೋನ್ ಮಾಡಿ ಓದಿ ಹೇಳ್ತೀನಿ ಬಿಡ್ರಿ" ಎಂದೆ. ಅವರ ಮುಖ ಗಂಭೀರವಾಯಿತು.

"ಬ್ಯಾಡಕ್ಕ. ಹೋದ ವರ್ಷ ಬೇರೆ ಕಡೆ ಇಂಥದೇ ಕೆಲಸ ಕರ್ದಿದ್ರು. ನಮ್ಮ ಭಾವ ಪೇಪರ್ ಓದಿದ್ರು. ಇದು ಇವನ ಕೈಲಿ ಆಗಲ್ಲ, ಸುಮ್ನೆ ಆಸೆ ಯಾಕೆ ಹುಟ್ಟಿಸ್ಬೇಕು ಅಂತ ನಂಗೆ ಹೇಳ್ಲೇ ಇಲ್ಲ. ಒಳ್ಳೇ ಮನಸ್ಸಿಂದ್ಲೇ ಹೇಳ್ಲಿಲ್ಲ, ಅವರನ್ನ ಬೈಯಂಗೂ ಇಲ್ಲ. ಈ ಸಲ ನಾನೇ ಓದ್ಬೇಕು. ನೀವು ಪೇಜು ಸರಿ ಮಾಡಿ ಕೊಡ್ರಿ, ಸಾಕು."

"ನೋಟೀಸು ಬರೋದ್ರೊಳಗೆ ಸರಿ ಮಾಡಿರ್ತೀನಿ" ಎಂದು ಮಾತು ಕೊಟ್ಟೆ.

ದಪ್ಪ ಪುಸ್ತಕ ತೆಗೆದು ನೋಡಿದರೆ, ಚಿತ್ರದ ಬದಲಿಗೆ ಓದಬೇಕಾದ ಮಾತನ್ನು ಬರೆಯಲು ಆಲ್ಟ್ ಎಂಬ ಜಾಗ ಇದೆ ಎಂದಿತ್ತು. ನಾನು ಹಾರಿಸಿಕೊಂಡು ಓದಿದ್ದ ಪುಟ ಅದು. ಪ್ರಾಯಶ್ಚಿತ್ತ ಮಾಡುವವಳ ಹಾಗೆ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಎರಡು ದಿನ ಕೂತು, ಒಂದೊಂದು ಹೂವಿಗೂ ಇಂಗ್ಲಿಷಿನಲ್ಲಿ ವರ್ಣನೆ ಬರೆದೆ. ಬಲಕ್ಕೆ ಬಾಗಿದ ಮಲ್ಲಿಗೆ ಬಳ್ಳಿ, ಮೂರು ಮೊಗ್ಗು ಬಿಟ್ಟಿದೆ. ಅರ್ಧ ಅರಳಿದ ಕೆಂಪು ಕಮಲ, ಎಲೆಯ ಮೇಲೆ ನೀರಿನ ಹನಿ. ಕಣ್ಣಿಲ್ಲದವರಿಗೆ ಹೂವು ತೋರಿಸುತ್ತಿದ್ದೇನೆಂದು ನನಗೆ ನಾನೇ ಕಣ್ಣೀರು ತಂದುಕೊಂಡೆ.

ಮಾರನೆಯ ದಿನ ರಂಗಸ್ವಾಮಿಯ ಫೋನು.

"ಅಕ್ಕ, ಮೊದಲು ಹೂವಿನ ಹೆಸರಷ್ಟೇ ಹೇಳ್ತಿತ್ತು. ಈಗ ಜಾತಕ ಹೇಳ್ತೈತೆ."

ನನಗೆ ಪಿತ್ತ ನೆತ್ತಿಗೇರಿತು. "ಮತ್ತೇನ್ರಿ ಮಾಡ್ಬೇಕು ನಾನು? ಬರೀದಿದ್ರೂ ತಪ್ಪು, ಬರೆದ್ರೂ ತಪ್ಪಾ?"

"ಸಿಟ್ಟಾಗಬ್ಯಾಡ್ರಿ. ನಿಮ್ಮ ಮೇಜಿನ ಮ್ಯಾಲೆ ಮದುವೆ ಕಾರ್ಡು ಐತಾ?"

"ಐತೆ."

"ನಂಗೆ ಫೋನಿನಾಗೇ ಓದ್ರಿ."

ಓದಿದೆ. ದೇವರ ಹೆಸರು, ಹುಡುಗ, ಹುಡುಗಿ, ಮುಹೂರ್ತ, ಛತ್ರ.

"ಮೂಲೆನಾಗೆ ಹೂವು ಇಲ್ವೇನ್ರಿ?"

"ಅಯ್ಯೋ, ಅವೆ. ಅದನ್ಯಾಕೆ ಓದ್ಲಿ?"

"ಅಷ್ಟೇ ಅಕ್ಕ. ಫೋನಿನಾಗೆ ನೀವು ಓದದೇ ಬಿಟ್ಟಿದ್ದನ್ನ ಪೇಜಿನಾಗೂ ಓದಿಸ್ಬ್ಯಾಡ್ರಿ. ಓದಿದ್ದನ್ನ ಬಿಡಬ್ಯಾಡ್ರಿ."

ಆಲ್ಟ್ ಜಾಗವನ್ನು ಇಟ್ಟು, ಅದರೊಳಗೆ ಏನೂ ಬರೆಯದೆ ಖಾಲಿ ಬಿಟ್ಟರೆ ಯಂತ್ರ ಆ ಚಿತ್ರವನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ. ಜಾಗವನ್ನೇ ಇಡದಿದ್ದರೆ ಮತ್ತೆ ಫೈಲಿನ ಹೆಸರು ಕೂಗುತ್ತದೆ. ಇದನ್ನು ಅವರೇ ನನಗೆ ಬಿಡಿಸಿ ಹೇಳಿದರು. ಹೂವು, ದೀಪ, ಮಾಲೆ ಎಲ್ಲಕ್ಕೂ ಖಾಲಿ ಬಿಟ್ಟೆ. ಕನ್ನಡ ಶೀರ್ಷಿಕೆಯ ಚಿತ್ರಗಳಿಗೆ ಮಾತ್ರ ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆದೆ, ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಧಣಿ ಹಟದ ಹೂವೂ ಬಾಯಿ ಮುಚ್ಚಿತು. "ಈಗ ನೀರು ಕುಡ್ದಂಗೈತೆ ಅಕ್ಕ, ಎರಡೇ ನಿಮಿಷ" ಎಂದರು ರಂಗಸ್ವಾಮಿ. ಓಂಕಾರಪ್ಪನವರಿಗೆ ಪುಟ ತೋರಿಸಿದೆ. ಒಂದು ಹೂವೂ ಕಮ್ಮಿಯಾಗಿಲ್ಲ ಎಂದು ಎಣಿಸಿ ನೋಡಿಯೇ ಒಪ್ಪಿದರು. ನಾನು ಗೆದ್ದೆ ಎಂದುಕೊಂಡೆ.

ವಾರ ಕಳೆದು ರುದ್ರಪ್ಪನವರಿಂದ ನೋಟೀಸು ಬಂತು. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ, ಕನ್ನಡದಲ್ಲಿ ಟೈಪಾಗಿ, ಕೆಳಗೆ ದೊಡ್ಡ ಸಹಿ, ಅದಕ್ಕಿಂತ ದೊಡ್ಡ ಸೀಲು. "ಹಿಂಗೇ ಹಾಕ್ಬೇಕು. ಸೀಲು ಕಾಣ್ಬೇಕು" ಎಂದು ತಾಕೀತು. ಸ್ಕ್ಯಾನ್ ಮಾಡಿ ಚಿತ್ರ ಮಾಡಿದೆ. ಪುಟಕ್ಕೆ ಸೇರಿಸುವಾಗ ಮಾತ್ರ ನನ್ನ ಹಳೆಯ ಚಾಳಿ ಬಿಡಲಿಲ್ಲ. ಹೊಸ ಸಾಲು ಬರೆಯುವ ಬದಲು ಮೇಲಿದ್ದ ಮಲ್ಲಿಗೆ ಮಾಲೆಯ ಸಾಲನ್ನು ನಕಲು ಮಾಡಿ, ಫೈಲಿನ ಹೆಸರು ಬದಲಿಸಿ, ನಡುವೆ ಕೂರಿಸಿದೆ. ಮಾಲೆಯ ಜೊತೆ ಮಾಲೆಯ ಖಾಲಿ ಆಲ್ಟೂ ಬಂತು. ನಾನು ನೋಡಲೇ ಇಲ್ಲ. ಪರದೆಯ ಮೇಲೆ ನೋಟೀಸು ಹೊಳೆಯುತ್ತಿತ್ತು, ಸೀಲು ಕುಂಕುಮದ ಬೊಟ್ಟಿನ ಹಾಗೆ ಕಾಣುತ್ತಿತ್ತು.

ರಂಗಸ್ವಾಮಿಗೆ ಫೋನ್ ಮಾಡಲಿಲ್ಲ. ಅವರೇ ಬೇಡ ಎಂದಿದ್ದರಲ್ಲ. ಈಗ ಓದಿರುತ್ತಾರೆ, ಅರ್ಜಿ ಹಾಕಿರುತ್ತಾರೆ ಎಂದು ದಿನಾ ಒಳಗೊಳಗೇ ಬೀಗುತ್ತಿದ್ದೆ.

ಹದಿಮೂರನೆಯ ದಿನ ಅವರ ಫೋನು ಬಂತು. "ಅಕ್ಕ, ನೋಟೀಸು ಯಾವಾಗ ಹಾಕ್ತಾರಂತೆ? ದಿನಾ ಓದ್ತಿದೀನಿ, ಇನ್ನೂ ಬಂದಿಲ್ಲ."

"ಏನ್ರಿ ಹಂಗಂತೀರಿ? ಹಾಕಿ ಹನ್ನೆರಡು ದಿನ ಆಯ್ತಲ್ಲ. ನಿನ್ನೆ ಕೊನೇ ದಿನ" ಎಂದೆ. ಹೇಳುತ್ತಾ ಹೇಳುತ್ತಾ ಕೈ ತಾನಾಗಿ ಫೈಲು ತೆರೆಯಿತು. ನೋಟೀಸಿನ ಸಾಲಿನಲ್ಲಿ ಆಲ್ಟ್ ಖಾಲಿ ಇತ್ತು. ಹೇಗಿದ್ದರೂ ಹೇಳಲೇಬೇಕು, ಹೇಳಿದೆ. "ತಪ್ಪು ನಂದು ರಂಗಸ್ವಾಮಿ. ನಿಮ್ಮ ನೋಟೀಸಿಗೂ ಹೂವಿಗೆ ಮಾಡಿದಂಗೇ ಮಾಡಿಬಿಟ್ಟೀನಿ."

"ಹೂವು ಅಡ್ಡ ಬಂದಾಗ ಬೈಯಾಕಾದ್ರೂ ಏನೋ ಇತ್ತಕ್ಕ" ಎಂದರು ರಂಗಸ್ವಾಮಿ. "ಈ ಸಲ ಅಡ್ಡ ಏನೂ ಇಲ್ಲ, ನೋಟೀಸೇ ಬಂದಿಲ್ಲ ಅಂತ ದಿನಾ ನೆಮ್ಮದಿಯಾಗಿ ಕಂಪ್ಯೂಟರ್ ಆರಿಸ್ತಿದ್ದೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಫೋನ್ ಇಟ್ಟು ಅತ್ತೆ. ಅವರ ಭಾವ ಒಳ್ಳೆಯ ಮನಸ್ಸಿನಿಂದ ಮುಚ್ಚಿಟ್ಟರು, ನಾನು ಮೈಗಳ್ಳತನದಿಂದ ಮುಚ್ಚಿಟ್ಟೆ. ಅವರಿಗೆ ಎರಡೂ ಒಂದೇ ಆಯಿತು.

ಓಂಕಾರಪ್ಪನವರಿಗೆ ಎಲ್ಲ ಹೇಳಿದೆ. ಮೊದಲು, "ಸುಮ್ನಿರಮ್ಮ, ನೋಟೀಸು ಕಣ್ಣಿಗೆ ಕಾಣ್ತಿತ್ತಲ್ಲ. ಕಾಲೇಜಿನೋರಿಗೆ ಹೇಳಿದ್ರೆ ಗಿರಾಕಿ ಹೋಗ್ತಾನೆ" ಎಂದರು. "ಹೋದ್ರೆ ನನ್ನೂ ತೆಗೆದುಹಾಕ್ರಿ ಸಾರ್. ನಾನು ಹೊಳಲ್ಕೆರೆಗೆ ಹೋಗಿ ನನ್ನ ತಪ್ಪು ಅಂತ ಬರ್ಕೊಡೋಳೇ" ಎಂದೆ. ಅವರು ಜೇಬಿನ ಪೆನ್ನುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಯೋಚನೆ ಮಾಡುವಾಗ ಹಾಗೆ ಮಾಡುವುದು ಅವರ ಅಭ್ಯಾಸ. "ಆ ಹುಡುಗಂಗೂ ಬರಾಕೆ ಹೇಳು. ನಾಳೆ ಮೂರೂ ಜನ ಹೋಗಾಣ" ಎಂದರು.

ಮರುದಿನ ರಂಗಸ್ವಾಮಿ ಸಾಫ್ಟ್‌ವೇರಿನ ಸಿ.ಡಿ. ಹಿಡಿದು ಚಿತ್ರದುರ್ಗಕ್ಕೆ ಬಂದರು. ಮೂವರೂ ಬಸ್ಸು ಹತ್ತಿ ಹೊಳಲ್ಕೆರೆಗೆ ಹೋದೆವು. ರುದ್ರಪ್ಪನವರು ನನ್ನ ತಪ್ಪೊಪ್ಪಿಗೆಯನ್ನು ಓದಿ ಹುಬ್ಬು ಗಂಟಿಕ್ಕಿದರು. "ಏನಮ್ಮ ಇದು? ಇಷ್ಟು ದೊಡ್ಡ ಸೀಲು ಹಾಕೀನಿ, ಊರಿಗೆಲ್ಲ ಕಾಣ್ತೈತೆ. ಕೊನೇ ದಿನ ಮುಗೀತು ಅಂದ್ರೆ ಮುಗೀತು. ಒಬ್ಬೊಬ್ಬರಿಗೆ ಒಂದೊಂದು ಕಾನೂನು ಮಾಡಾಕಾಗ್ತೈತಾ?"

ರಂಗಸ್ವಾಮಿ ಕೈ ಮುಗಿದರು. "ನಂಗೊಬ್ಬಂಗೆ ಬ್ಯಾಡ ಸಾರ್. ಒಂದೇ ಒಂದು ಸಲ ನಿಮ್ಮ ಪೇಜು ಕೇಳ್ರಿ, ಆಮ್ಯಾಲೆ ನೀವು ಹೇಳಿದ್ದೇ ಸರಿ."

ಕಾಲೇಜಿನ ಕಂಪ್ಯೂಟರಿಗೆ ಸಿ.ಡಿ. ಹಾಕಿ, ಪರದೆಯನ್ನು ಗೋಡೆಗೆ ತಿರುಗಿಸಿದೆ. ರುದ್ರಪ್ಪನವರು ಕೈ ಕಟ್ಟಿ ಕೂತರು. ಮೂಗಿನ ದೊರೆ ಕಾಲೇಜಿನ ಹೆಸರು ಹೇಳಿದ, ಸ್ಥಾಪನೆಯ ಕಥೆ ಹೇಳಿದ, ಇರುವ ವಿಭಾಗಗಳನ್ನು ಹೇಳಿದ, ವಿಳಾಸ ಹೇಳಿ ಸುಮ್ಮನಾದ.

ರುದ್ರಪ್ಪನವರು ಕಾದರು. "ಹೂಂ, ಮುಂದೆ?"

"ಮುಗೀತು ಸಾರ್" ಎಂದರು ರಂಗಸ್ವಾಮಿ.

"ನನ್ನ ನೋಟೀಸು?"

"ನಾನು ಹನ್ನೆರಡು ದಿನ ಕೇಳಿದ್ದು ಇಷ್ಟೇ ಸಾರ್."

"ಸಹಿನೂ ಓದ್ಲಿಲ್ಲ?"

"ಇಲ್ಲ ಸಾರ್."

"ಸೀಲು?"

ಓಂಕಾರಪ್ಪನವರು ಮತ್ತೆ ಗೋಡೆ ಕಡೆ ತಿರುಗಿದರು. ರುದ್ರಪ್ಪನವರು ಎದ್ದು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ತಮ್ಮ ಸಹಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಿಳಿ ಹಾಳೆ ಎಳೆದುಕೊಂಡು, ಅರ್ಜಿ ಹಾಕಲು ಎಲ್ಲರಿಗೂ ಇನ್ನೊಂದು ವಾರ ಎಂದು ಬರೆದು ನನ್ನ ಕೈಗೆ ಕೊಟ್ಟರು. "ಇದನ್ನ ಅಕ್ಷರದಾಗೇ ಹಾಕಮ್ಮ. ಚಿತ್ರ ಬ್ಯಾಡ" ಎಂದರು. ಬಾಗಿಲ ತನಕ ಬಂದವರು ರಂಗಸ್ವಾಮಿಯನ್ನು ತಡೆದು ಕೇಳಿದರು. "ಹೂವು ತೆಗೀಬೇಕಿಲ್ಲ ತಾನೆ?"

"ಇರ್ಲಿ ಸಾರ್, ಬಾಯಿ ಮುಚ್ಕಂಡಿದ್ರೆ ಸಾಕು."

ಅಂದೇ ಸಂಜೆ ನೋಟೀಸನ್ನು ಇಂಗ್ಲಿಷಿನಲ್ಲಿ ಅಕ್ಷರ ಅಕ್ಷರವಾಗಿ ಟೈಪ್ ಮಾಡಿ ಹಾಕಿದೆ. ನಕಲು ಮಾಡಲಿಲ್ಲ. ರಂಗಸ್ವಾಮಿ ತಾವೇ ಓದಿ ತಾವೇ ಅರ್ಜಿ ಹಾಕಿದರು. ಸಂದರ್ಶನಕ್ಕೆ ಕರೆ ಬಂತು. ಸಂದರ್ಶನದ ದಿನ ನಾನು ಕೆಲಸದಲ್ಲಿ ಮನಸ್ಸಿಲ್ಲದೆ ಒಂದು ನಾಮಕರಣದ ಕಾರ್ಡಿಗೆ ಮಗುವಿನ ಹೆಸರನ್ನೇ ಹಾಕದೆ ಬಿಟ್ಟೆ. ನಾಲ್ಕು ದಿನ ಬಿಟ್ಟು ಅವರ ಫೋನು.

"ಕೆಲಸ ಸಿಗ್ಲಿಲ್ಲಕ್ಕ. ಏಳು ಜನ ಬಂದಿದ್ವಿ. ಹೊಸದುರ್ಗದ ಒಬ್ಬ ಹುಡುಗಿಗೆ ಆಯ್ತು. ನನ್ನ ಇಂಗ್ಲಿಷು ಸಾಲ್ದು ಅಂದ್ರು. ನಿಜ, ಮೂರು ಪ್ರಶ್ನೆಗೆ ತೊದಲಿದೆ."

ಇಷ್ಟೆಲ್ಲ ಮಾಡಿಯೂ ಹೀಗಾಯಿತಲ್ಲ ಎಂದು, "ಬೇಜಾರ್ ಮಾಡ್ಕಬ್ಯಾಡ್ರಿ ರಂಗಸ್ವಾಮಿ" ಎನ್ನುತ್ತಿದ್ದೆ. ಅವರು ನನ್ನ ಮಾತನ್ನು ನಡುವೆಯೇ ತಡೆದರು.

"ಬೇಜಾರು ಯಾಕಕ್ಕ? ಭಾವ ಹೇಳ್ಲಿಲ್ಲ ಅಂತ ಅಲ್ಲ, ಪೇಜು ಓದ್ಲಿಲ್ಲ ಅಂತ ಅಲ್ಲ. ಎಲ್ಲರ ಸಾಲಿನಾಗೆ ಕುಂತು, ನಾನೇ ಸೋತು ಬಂದೀನಿ. ಮನೇಲಿ ಹೇಳಿದ್ರೆ ಯಾರೂ ಪಾಪ ಅನ್ಲಿಲ್ಲ. ಇಂಗ್ಲಿಷ್ ಕಲಿ ಅಂತ ನಮ್ಮಕ್ಕ ಬಾಯಿಗೆ ಬಂದಂಗೆ ಬೈದ್ಲು."

ಎಂಥ ಖುಷಿಯಿತ್ತು ಆ ದನಿಯಲ್ಲಿ!